ಮನೆ ನೋಡಾಕೆ ಬಂದೀವಿ

ನಮ್ಮ ಮನೆಯಲ್ಲಿ ಈ ಕತೆ ಹೇಳುವವರೆಲ್ಲ ಕೊನೆಗೆ ನನಗೆ ಗಂಡ ಸಿಕ್ಕ ಎಂದು ಮುಗಿಸುತ್ತಾರೆ. ಸುಳ್ಳು. ಅವತ್ತು ಸಿಕ್ಕಿದ್ದು ಒಂದು ದನದ ಕೊಟ್ಟಿಗೆ. ಗಂಡ ಸಿಕ್ಕಿದ್ದು ಆಮೇಲೆ ಯಾವಾಗಲೋ, ಬೇರೆ ಊರಲ್ಲಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊಮ್ಮಕ್ಕಳಿಗೆ ಗಂಡನ ಕತೆ ರುಚಿ, ಹೇಳಿಕೊಳ್ಳಲಿ. ನಮಗೆ ಆಗ ಬೇಕಾಗಿದ್ದು ಸೂರು.

ನಯಾಪೈಸೆ ಹೊಸದಾಗಿ ಬಂದು ಅಂಗಡಿಯವರೂ ಗಿರಾಕಿಗಳೂ ಬಾಯಿ ಮಾಡುತ್ತಿದ್ದ ಕಾಲ. ನಾವು ಹರಿಹರದಲ್ಲಿ ಹೊಳೆಗೆ ಇಳಿಯುವ ಓಣಿಯಲ್ಲಿದ್ದೆವು. ಅಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಗೆ ಸೇರಿ ವರ್ಷ ತುಂಬಿರಲಿಲ್ಲ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ. ಅವನಿಗೆ ಮುಂದಿನ ಸೋಮವಾರದಿಂದ ಬೆಳಗಿನ ಪಾಳಿ ಹಾಕಿದರು. ಬೆಳಗಿನ ಪಾಳಿಗೆ ಮಿಲ್ಲಿನ ಸೈರನ್ನು ಕೂಗುವಾಗ ಹರಿಹರದ ಮೊದಲ ರೈಲು ಇನ್ನೂ ಸ್ಟೇಷನ್ನಿನಲ್ಲೇ ಹೊಗೆ ಬಿಡುತ್ತಾ ನಿಂತಿರುತ್ತಿತ್ತು. ತಡವಾಗಿ ಬಂದವನಿಗೆ ಗೇಟು ತೆಗೆಯುವುದಿಲ್ಲ, ಇನ್ನೊಬ್ಬ ಆ ಜಾಗಕ್ಕೆ ಕಾಯುತ್ತಲೇ ಇರುತ್ತಾನೆ. ಕೆಲಸ ಹೋದರೆ ಅಪ್ಪ ಹಳ್ಳಿಗೆ ಹೋಗಿ ತಮ್ಮನ ಕೈಕೆಳಗೆ ದುಡಿಯಬೇಕು. ನನ್ನ ಚಿಕ್ಕಪ್ಪ ಅದಕ್ಕೇ ಬಾಯಿ ತೆರೆದು ಕೂತಿದ್ದ. ಹಾಗಾಗಿ ಸೋಮವಾರದೊಳಗೆ ದಾವಣಗೆರೆಯಲ್ಲಿ ಒಂದು ಮನೆ ಆಗಲೇಬೇಕಿತ್ತು.

ಅಪ್ಪನಿಗೆ ರಜೆ ಇಲ್ಲ. ಅವ್ವ ಹಸಿ ಬಾಣಂತಿ. ಹೊರಟಿದ್ದು ಅತ್ತೆ ಮತ್ತು ನಾನು. ಅತ್ತೆ ಎಂದರೆ ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದವಳು. ಯಾರ ಬಾಗಿಲಿಗೆ ಹೋದರೂ ಒಳಗೆ ಕರೆಸಿಕೊಳ್ಳುವ ಮಾತು ಅವಳಿಗೆ ಬರುತ್ತಿತ್ತು. ಒಳಗೆ ಹೋದ ಮೇಲೆ ಏನು ನೋಡಬೇಕು, ಏನು ಕೇಳಬೇಕು ಎಂಬುದು ಬರುತ್ತಿರಲಿಲ್ಲ. ಅದಕ್ಕೆ ನಾನು ಬೇಕಾಗಿದ್ದೆ. ನನಗೆ ಆಗ ಹದಿನೇಳು.

ಅಪ್ಪ ಒಂದೇ ಮಾತು ಹೇಳಿ ಕಳಿಸಿದ. "ಎಲ್ಲಾರ ನೋಡ್ರಿ, ಮಿಲ್ಲಿನ ಕೂಗು ಮಾತ್ರ ಕೇಳಬೇಕು." ಮನೆಯಲ್ಲಿ ಗಡಿಯಾರ ಇರಲಿಲ್ಲ. ಕೂಗು ಕೇಳದ ಮನೆ ಎಷ್ಟು ಚೆನ್ನಾಗಿದ್ದರೂ ನಮಗೆ ಮನೆಯಲ್ಲ.

ರೈಲು ಇಳಿದ ಕೂಡಲೇ ಒಂದು ತಿಳಿಯಿತು. ಹರಿಹರಕ್ಕೆ ಇರುವುದು ಒಂದೇ ವಾಸನೆ, ಹೊಳೆಯದು. ದಾವಣಗೆರೆಗೆ ಓಣಿಗೊಂದು ವಾಸನೆ. ಕಣ್ಣು ಮುಚ್ಚಿ ನಡೆದರೂ ಎಲ್ಲಿದ್ದೇವೆ ಎಂದು ಹೇಳಬಹುದು.

ಮೊದಲು ಮಂಡಿಪೇಟೆ. ಬೆಲ್ಲ, ಶೇಂಗಾ, ಮೆಣಸಿನಕಾಯಿ, ಎತ್ತಿನ ಸಗಣಿ, ಎಲ್ಲ ಸೇರಿ ಒಂದೇ ಸಲ ಮೂಗಿಗೆ ಹೊಡೆಯುತ್ತಿತ್ತು. ಚಕ್ಕಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ಹಮಾಲರು ಚೀಲ ಹೊತ್ತು "ಸರೀರಿ, ಸರೀರಿ" ಎನ್ನುತ್ತಾ ನಮ್ಮ ಮೇಲೇ ಬರುತ್ತಿದ್ದರು. ಒಂದು ಅಂಗಡಿಯ ಮುಂದೆ ಇಬ್ಬರು ಭಾರಿ ಆಸಾಮಿಗಳು ಟವಲಿನ ಕೆಳಗೆ ಕೈ ಕೈ ಹಿಡಿದುಕೊಂಡು ಮಾತಿಲ್ಲದೆ ನಿಂತಿದ್ದರು. ಅತ್ತೆ ಅದನ್ನು ನೋಡಿ, ಅಣ್ಣ ತಮ್ಮಂದಿರು ಜಗಳ ಆಡಿ ಒಂದಾಗಿರಬೇಕು, ಪಾಪ, ಎಂದಳು. ಅವರು ಬೆರಳಲ್ಲಿ ರೇಟು ಮಾತಾಡುತ್ತಿದ್ದರು. ಪಕ್ಕದವನಿಗೆ ತಿಳಿಯಬಾರದೆಂದು ಟವಲು.

ಅಲ್ಲಿ ಒಂದು ಮಹಡಿ ಕೋಣೆ ಖಾಲಿ ಇತ್ತು. ಕೆಳಗೆ ಮೆಣಸಿನಕಾಯಿ ದಾಸ್ತಾನು. ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಅತ್ತೆಗೆ ಸೀನು ಶುರುವಾಯಿತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಎಷ್ಟು, ನೀರು ಎಲ್ಲಿಂದ ಎಂದು ಕೇಳಿದೆ. ಮಾಲೀಕ ಒಳ್ಳೆಯವನೇ. ಹದಿನೈದು ದಿನ ಸೀನುತ್ತೀರಿ, ಆಮೇಲೆ ರೂಢಿಯಾಗುತ್ತದೆ ಎಂದ. ಕೂಸಿಗೂ ರೂಢಿ ಆಗುತ್ತದಾ ಎಂದು ನಾನು ಕೇಳಿದ್ದಕ್ಕೆ ತಲೆ ಕೆರೆದುಕೊಂಡ. ಕೂಗಿನ ವಿಷಯ ಕೇಳುವ ಅಗತ್ಯವೇ ಬೀಳಲಿಲ್ಲ. ಆ ಗದ್ದಲದಲ್ಲಿ ಮಿಲ್ಲೇ ಉರುಳಿ ಬಿದ್ದರೂ ಕೇಳುತ್ತಿರಲಿಲ್ಲ.

ಅಲ್ಲಿಂದ ಪಿ.ಜೆ. ಬಡಾವಣೆಗೆ ಹೋದೆವು. ಅದು ಬೇರೆ ದೇಶ. ಗೆರೆ ಎಳೆದ ಹಾಗೆ ನೆಟ್ಟಗಿರುವ ರಸ್ತೆಗಳು, ಕಾಂಪೌಂಡು, ಗೇಟು, ಗೇಟಿನ ಒಳಗೆ ಕುಂಡಗಳಲ್ಲಿ ಹೂವು. ಇಲ್ಲಿ ಡೆಟ್ಟಾಲಿನ ವಾಸನೆ, ಯಾಕೆಂದರೆ ಓಣಿಗಿಬ್ಬರು ಡಾಕ್ಟರು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಕನ್ನಡದ ಬೋರ್ಡುಗಳನ್ನು ಓದಿ ಅತ್ತೆಗೆ ಹೇಳುತ್ತಾ ಹೋದೆ. ಇಂಗ್ಲಿಷಿನಲ್ಲಿ ಬರೆದದ್ದು ಡಾಕ್ಟರ ಹೆಸರು ಎಂದು ಇಬ್ಬರೂ ತೀರ್ಮಾನಿಸಿದೆವು. ಒಂದೇ ಥರದ ಗಿಡ್ಡ ಬೋರ್ಡು ನಾಲ್ಕೈದು ಗೇಟಿಗೆ ನೇತು ಬಿದ್ದಿತ್ತು. "ಈ ಡಾಕ್ಟ್ರು ಭಾಳ ಮನೆ ಕಟ್ಟಿಸ್ಯಾನಲ್ಲೇ" ಎಂದು ಅತ್ತೆ ಮೆಚ್ಚಿಕೊಂಡಳು. ಅದು 'ಮನೆ ಬಾಡಿಗೆಗೆ ಇದೆ' ಎಂಬ ಇಂಗ್ಲಿಷ್ ಬೋರ್ಡು ಎಂದು ಅಪ್ಪನ ಜೊತೆಗಾರನೊಬ್ಬ ಆಮೇಲೆ ಹೇಳಿ ನಕ್ಕ. ನಾವು ಖಾಲಿ ಮನೆಗಳ ಮುಂದೆಯೇ ಖಾಲಿ ಮನೆ ಹುಡುಕಿಕೊಂಡು ನಡೆದಿದ್ದೆವು. ಗೊತ್ತಿದ್ದರೂ ಆ ಗೇಟುಗಳು ನಮಗೆ ತೆರೆಯುತ್ತಿರಲಿಲ್ಲ ಬಿಡಿ. ಒಂದು ಮನೆಯಲ್ಲಿ ವಿಚಾರಿಸಿದ್ದಕ್ಕೆ ಒಳಗಿನಿಂದಲೇ, ಕೆಲಸದವರು ಹಿಂದಿನ ಬಾಗಿಲಿಗೆ ಬರಬೇಕು ಎಂದರು. ಹಿಂದಿನ ಬಾಗಿಲಿಗೆ ಹೋದೆವು. ಕೆಲಸಕ್ಕಲ್ಲ, ಕುಡಿಯುವ ನೀರಿಗೆ. ತಣ್ಣಗಿನ ನೀರೇ ಕೊಟ್ಟರು.

ಮಿಲ್ಲಿನ ಕೂಲಿಗಾರರ ಸಾಲುಮನೆಗಳಲ್ಲಿ ಹತ್ತಿಯ ಎಳೆ ಬೇಲಿ, ಕೂದಲು, ಒಣ ಹಾಕಿದ ಬಟ್ಟೆ ಎಲ್ಲದರ ಮೇಲೂ ಕೂತಿತ್ತು. ನಾವಿದ್ದಾಗಲೇ ಮಧ್ಯಾಹ್ನದ ಕೂಗು ಆಯಿತು. ಅತ್ತೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟಳು. ಅಲ್ಲಿನ ಮಕ್ಕಳು ಆಟ ನಿಲ್ಲಿಸಲೂ ಇಲ್ಲ. ಅಪ್ಪನಿಗೆ ಹೇಳಿ ಮಾಡಿಸಿದ ಜಾಗ. ಆದರೆ ಒಂದು ಕೋಣೆಯೂ ಖಾಲಿ ಇಲ್ಲ. ಹುಟ್ಟುವವರೇ ಹೆಚ್ಚು, ಬಿಡುವವರು ಯಾರೂ ಇಲ್ಲ ಎಂದು ಒಬ್ಬ ಮುದುಕಿ ಬಿಡಿಸಿ ಹೇಳಿದಳು.

ಆಮೇಲೆ ಮಂಡಕ್ಕಿ ಭಟ್ಟಿಗಳ ಕಡೆ. ಮುಸಲ್ಮಾನರ ಮನೆಗಳೇ ಹೆಚ್ಚು. ದೊಡ್ಡ ಬಾಂಡಲಿಯಲ್ಲಿ ಮರಳು ಕಾಯಿಸಿ ಅಕ್ಕಿ ಸುರಿದರೆ ಮಳೆ ಬಿದ್ದ ಹಾಗೆ ಸದ್ದು. ಗಳಿಗೆಯಲ್ಲಿ ಬೆಳ್ಳಗೆ ಅರಳಿ ಬಾಂಡಲಿಯ ತುಂಬ ಏಳುತ್ತಿತ್ತು. ಒಂದು ಭಟ್ಟಿಯ ಯಜಮಾನತಿ ಹತ್ತಿರ ಒಂದು ಕೋಣೆ ಇತ್ತು. ತೋರಿಸಿದಳು. ಗೋಡೆ ಕಲ್ಲಿದ್ದಲಿನಷ್ಟು ಕಪ್ಪು. "ಸುಳ್ಳು ಯಾಕ ಹೇಳ್ಲಿ ಅಮ್ಮಾ, ಹೊಟ್ಟಿನ ಹೊಗಿ. ಬೆಳಗ್ಗೆ ಉಟ್ಟ ಸೀರೆ ಸಂಜೀಗೆ ಕರೀ ಆಗ್ತೈತೆ. ಎಳೆ ಕೂಸಿಗೆ ಬ್ಯಾಡ" ಎಂದಳು. ಇಡೀ ಊರಲ್ಲಿ ತನ್ನ ಮನೆಯ ಕುಂದು ತಾನೇ ಹೇಳಿದವಳು ಅವಳೊಬ್ಬಳು. ಅತ್ತೆಯ ಸೆರಗಿಗೆ ಬಿಸಿ ಮಂಡಕ್ಕಿ ಸುರಿದು, ನಿಟ್ಟುವಳ್ಳಿಯಲ್ಲಿ ಗುಡಿಯ ಹತ್ತಿರ ಬೇವಿನ ಮರದ ಮನೆಯವರು ಬಾಡಿಗೆಗೆ ಕೊಡುತ್ತಾರಂತೆ, ಅಲ್ಲಿ ಕೇಳಿ ನೋಡಿ ಎಂದಳು.

ನಿಟ್ಟುವಳ್ಳಿ ಆಗ ಇನ್ನೂ ಹಳ್ಳಿಯೇ. ಈಗ ಊರೊಳಗೆ ಕರಗಿಹೋಗಿದೆ. ಅವತ್ತು ನಾವು ಹೊಲದ ನಡುವಿನ ದಾರಿಯಲ್ಲಿ ಮಂಡಕ್ಕಿ ತಿನ್ನುತ್ತಾ ನಡೆದೆವು. ಕೋಳಿ, ತಿಪ್ಪೆ, ಹಸಿ ಹುಲ್ಲು. ಅತ್ತೆಗೆ ಜೀವ ಬಂತು. ಗುಡಿ ಸಿಕ್ಕಿತು, ಬೇವಿನ ಮರವೂ ಸಿಕ್ಕಿತು. ನಿಟ್ಟುವಳ್ಳಿಯಲ್ಲಿ ಬೇವಿನ ಮರ ಒಂದೇ ಇರುತ್ತದೆ ಎಂದುಕೊಂಡಿದ್ದು ನಮ್ಮ ತಪ್ಪು.

ಮನೆ ಮುಂದೆ ಅಗಲವಾಗಿ ರಂಗೋಲಿ ಹಾಕಿತ್ತು. ಬಾಗಿಲಲ್ಲಿ ಯಜಮಾನತಿ ಹೊಸ ಸೀರೆ ಉಟ್ಟು ನಿಂತಿದ್ದಳು. ಅತ್ತೆ ಕೈ ಮುಗಿದು, "ಮನೆ ನೋಡಾಕೆ ಬಂದೀವ್ರಿ, ಹರಿಹರದಿಂದ" ಎಂದಳು.

"ಬರ್ರಿ, ಬರ್ರಿ. ಬೆಳಗ್ಗಿಂದ ದಾರಿ ಕಾಯ್ತಾ ಇದ್ವಿ" ಎಂದು ಅವಳು ಕಾಲಿಗೆ ನೀರು ಕೊಟ್ಟಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗೀನೂ ಕರ್ಕಂಡು ಬಂದೀರಿ" ಎಂದಳು.

"ಇವಳೇ ನೋಡಬೇಕಲ್ರಿ ಅಕ್ಕಾರೆ. ದಿನಾ ಕಸ ಹೊಡಿಯೋಳು ಇವಳು."

"ಅದೂ ಖರೇನೇ" ಎಂದಳು.

ಹಣೆಯ ಮೇಲೆ ಅವರದೂ ವಿಭೂತಿ, ನಮ್ಮದೂ ವಿಭೂತಿ. ಆದ್ದರಿಂದ ಬೆಳಗಿನಿಂದ ಎಲ್ಲರೂ ಕೇಳಿದ್ದ ಜಾತಿಯ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಲಿಲ್ಲ. ಹೊಸ ಜಮಖಾನೆ ಹಾಸಿದ್ದರು. ಕೂತ ಕೂಡಲೇ ನನಗೆ ಕುಂಕುಮ ಇಟ್ಟು ಹೂ ಮುಡಿಸಿದರು. ತಟ್ಟೆಯಲ್ಲಿ ಶಿರಾ, ಒಗ್ಗರಣೆ ಅವಲಕ್ಕಿ ಬಂತು. "ಬಾಡಿಗೆಗೆ ಕೇಳಾಕೆ ಬಂದೋರಿಗೆ ಶಿರಾ ಕೊಡ್ತಾರಲ್ಲೇ, ಎಂಥಾ ಊರೇ ಇದು" ಎಂದು ಅತ್ತೆ ನನ್ನ ಕಿವಿಯಲ್ಲಿ ಉಸುರಿ ನನ್ನ ತಟ್ಟೆಯಿಂದಲೂ ಒಂದು ತುತ್ತು ತೆಗೆದುಕೊಂಡಳು. ನನಗೂ ಹಸಿವು. ಹಸಿದವರಿಗೆ ಅನುಮಾನ ಹತ್ತಿರ ಸುಳಿಯುವುದಿಲ್ಲ.

ಆಮೇಲೆ ಮನೆ ತೋರಿಸಿದರು. ನಡುಮನೆ, ಅಡಿಗೆಮನೆ, ದೇವರ ಕೋಣೆ, ಜೋಳದ ಚೀಲಗಳ ಸಾಲು, ಬಚ್ಚಲು. ಹಿತ್ತಲಲ್ಲಿ ಎಮ್ಮೆ ಕಟ್ಟಿದ್ದರು. ಗೋಡೆ ಬದಿಗೆ ಒಂದು ಖಾಲಿ ಕೊಟ್ಟಿಗೆ ಇತ್ತು. ಎತ್ತುಗಳನ್ನು ಹೊಲದ ಮನೆಗೆ ಸಾಗಿಸಿ ಬಹಳ ದಿನ ಆಯಿತಂತೆ. ಕಲ್ಲು ಹಾಸಿನ ನೆಲ, ಹೆಂಚಿನ ಸೂರು, ಓಣಿಗೆ ಬೇರೆ ಬಾಗಿಲು. ನಾನು ಅದನ್ನು ಸರಿಯಾಗಿ ನೋಡಿಕೊಂಡೆ. ನೋಡಲು ಬಂದ ಮೇಲೆ ಎಲ್ಲವನ್ನೂ ನೋಡಬೇಕು.

ಯಜಮಾನತಿಯ ಮಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟವನು, ಗೋಡೆಗೆ ಅಂಟಿಕೊಂಡು ನಿಂತಿದ್ದ. ಮನೆಯವರಲ್ಲಿ ಬಿಡುವಾಗಿ ಇದ್ದವನು ಅವನೊಬ್ಬನೇ. ಅದಕ್ಕೆ ಅವನನ್ನೇ ಕೇಳಿದೆ. "ಮಳೆಗಾಲದಾಗೆ ಸೋರ್ತೈತೇನ್ರಿ?"

"ಅಡಿಗೆಮನೆ ಮೂಲೆಯಾಗೆ ಸೋರ್ತೈತೆ" ಎಂದು ನಿಜ ಹೇಳಿದ. ಅವರವ್ವ ಅವನ ಕಡೆ ಕಣ್ಣು ಬಿಟ್ಟಳು. ನಾನು ಬಿಡಲಿಲ್ಲ. ಬಾವಿ ಬೇಸಿಗೆಯಲ್ಲಿ ಬತ್ತುತ್ತದಾ, ಒಲೆಯ ಹೊಗೆ ಹೊರಗೆ ಹೋಗುತ್ತದಾ, ಮಿಲ್ಲಿನ ಕೂಗು ಕೇಳುತ್ತದಾ ಎಂದೆಲ್ಲ ಕೇಳಿದೆ. ಗಾಳಿ ಈ ಕಡೆ ಇದ್ದರೆ ಮಗ್ಗುಲಲ್ಲೇ ಕೂಗಿದ ಹಾಗೆ ಕೇಳುತ್ತದೆ ಎಂದ. ಒಳಗೆ ಯಾರೋ ಹೆಂಗಸು, ಪ್ಯಾಟೆ ಕಡೆ ಹೆಣ್ಣುಮಕ್ಕಳು ಹಿಂಗೇ ಇರಬೇಕು, ಎಂದಿದ್ದು ನನಗೆ ಕೇಳಿಸಿತು. ಹರಿಹರ ಯಾವಾಗ ಪ್ಯಾಟೆಯಾಯಿತು ಎಂದು ನನಗೆ ಸಂತೋಷವೇ ಆಯಿತು.

ಅತ್ತೆ ಜಮಖಾನೆಯ ಮೇಲೆ ವ್ಯವಹಾರಕ್ಕೆ ಕೂತಳು. "ಇಷ್ಟೆಲ್ಲ ನಮಗೇನ್ರಿ?"

"ನಿಮಗಲ್ದೆ ಇನ್ಯಾರಿಗೆ. ಇರೋನು ಒಬ್ನೇ ಮಗ."

"ಎಷ್ಟು ಕೇಳ್ತೀರಿ, ಬಿಚ್ಚಿ ಹೇಳಿಬಿಡ್ರಿ."

"ನಾವೇನೂ ಕೇಳಾದಿಲ್ಲ. ನಿಮಗೆ ಹೆಂಗೆ ಅನುಕೂಲ ಐತೋ ಹಂಗೆ."

ಅತ್ತೆಯ ಕಣ್ಣಲ್ಲಿ ನೀರು ಬಂತು. ಮಂಡಿಪೇಟೆಯ ಮೆಣಸಿನಕಾಯಿಗೆ ಬಂದಿದ್ದಕ್ಕಿಂತ ಹೆಚ್ಚು ಬಂತು. ಸೋಮವಾರದೊಳಗೆ ಬಂದುಬಿಡುತ್ತೇವೆ ಎಂದಳು. ಅಷ್ಟು ಅವಸರವೇ ಎಂದು ಯಜಮಾನತಿಗೆ ಆಶ್ಚರ್ಯವಾದರೂ, "ಎಷ್ಟು ಮಂದಿ ಬರ್ತೀರಿ?" ಎಂದಳು.

"ಆರು ಮಂದಿ."

"ಆರೇ ಮಂದೀನಾ. ಸಂಕೋಚ ಮಾಡ್ಕಬ್ಯಾಡ್ರಿ. ಒಂದು ಬಸ್ಸು ಬಂದ್ರೂ ಅಡಿಗೆ ಮಾಡಿಸ್ತೀವಿ."

"ಅಡಿಗೆ ನಾವೇ ಮಾಡ್ಕಂತೀವ್ರಿ. ಒಲೆ ಹೂಡಾಕೆ ಜಾಗ ತೋರ್ಸಿದ್ರೆ ಸಾಕು. ನನ್ನ ತಮ್ಮ, ಅವನ ಹೆಂಡ್ತಿ, ಮಕ್ಕಳು, ಎಲ್ಲಾ ಇಲ್ಲೇ ಇರ್ತೀವಿ."

"ಎಲ್ಲಿ?"

"ಈ ಮನೆಯಾಗೆ."

"ಎಷ್ಟು ದಿನ?"

"ಮಿಲ್ಲು ಇರೋತನ."

ಯಜಮಾನತಿ ಬಾಯಿಗೆ ಸೆರಗು ಹಿಡಿದುಕೊಂಡಳು. ಮಗನಿಗೆ ನಮಗಿಂತ ಮೊದಲೇ ತಿಳಿದಿರಬೇಕು, ಹಿತ್ತಲಿಗೆ ಓಡಿಹೋಗಿ ಎಮ್ಮೆಯ ಹತ್ತಿರ ನಿಂತು ನಗುವ ಸದ್ದು ಬಂತು.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆಗೆ ಬಂದು ಹೊಲ, ದನ, ಸೂರು ನೋಡಿಕೊಂಡು ಹೋಗುವುದಕ್ಕೂ 'ಮನೆ ನೋಡೋದು' ಎಂದೇ ಹೆಸರು. ಬಾಡಿಗೆಗೆ ನೋಡುವುದಕ್ಕೂ ಅದೇ ಹೆಸರು. ಎರಡಕ್ಕೂ ಒಂದೇ ಮಾತು ಇಟ್ಟವರು ಯಾರೋ, ಅವರಿಗೆ ಕೆಲಸ ಇರಲಿಲ್ಲ. ಆ ಮನೆಯವರು ಕಾಯುತ್ತಿದ್ದದ್ದು ಹರಿಹರದ ಆಚೆಯ ಹಳ್ಳಿಯ ಹೆಣ್ಣಿನವರಿಗೆ. ನಾವು ಹುಡುಕುತ್ತಿದ್ದ ಬೇವಿನ ಮರ ಗುಡಿಯ ಹಿಂದಿನದು. ಆ ಮನೆಯನ್ನು ನಿನ್ನೆಯೇ ಒಬ್ಬ ಮೇಷ್ಟ್ರಿಗೆ ಕೊಟ್ಟಾಯಿತು ಎಂದು ಯಜಮಾನತಿ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ತಿರುಗಿ ಮಾತಾಡಲು ಏನಾದರೂ ಸಿಗುತ್ತಿತ್ತು. ಅತ್ತೆ ಖಾಲಿ ತಟ್ಟೆ ನೋಡುತ್ತಾ ಕೂತಳು. ನಾನು ಲೆಕ್ಕ ಹಾಕಿದೆ. ಊರಿನ ಎಲ್ಲ ಓಣಿ ಮುಗಿದಿತ್ತು. ಸಂಜೆಯ ರೈಲಿಗೆ ಹೋಗಿ ಅಪ್ಪನಿಗೆ ಇಲ್ಲ ಎಂದು ಹೇಳುವುದೊಂದೇ ಬಾಕಿ.

ಏಳಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಕೋಟು ರುಮಾಲಿನ ಮೂವರು ಹಿರಿಯರು ನಿಂತಿದ್ದರು. ನಿಜವಾದ ಹೆಣ್ಣಿನವರು. ಅವರಲ್ಲಿ ದೊಡ್ಡವನು, ಹುಡುಗಿಯ ಸೋದರಮಾವ, ಹೊಸ ಜಮಖಾನೆಯ ಮೇಲೆ ಹೂ ಮುಡಿದು, ಕುಂಕುಮ ಇಟ್ಟುಕೊಂಡು, ಖಾಲಿ ಶಿರಾ ತಟ್ಟೆಯ ಮುಂದೆ ಕೂತಿದ್ದ ನನ್ನನ್ನು ನೋಡಿದ. ಚಪ್ಪಲಿ ಬಿಡಲಿಲ್ಲ.

"ಬ್ಯಾರೆ ಕಡೆಯೋರೂ ಬಂದಾರೇನು?" ಎಂದ.

ಯಜಮಾನತಿಯ ಮುಖದ ಬಣ್ಣವೇ ಹೋಯಿತು. ನಡೆದದ್ದನ್ನು ಹೇಳಿದರೆ ನಂಬುವ ಹಾಗಿರಲಿಲ್ಲ. ನಂಬಿದರೂ ಊರೆಲ್ಲ ನಗುತ್ತಿತ್ತು. "ಇಲ್ರಿ, ಇಲ್ರಿ. ಇವರು ನಮ್ಮ ಬಾಡಿಗೆಯೋರು. ಹಿತ್ತಲ ಮನೆಗೆ ಬರ್ತಾ ಅದಾರೆ" ಎಂದುಬಿಟ್ಟಳು.

ಹಿತ್ತಲಲ್ಲಿ ಮನೆ ಇರಲಿಲ್ಲ. ಕೊಟ್ಟಿಗೆ ಇತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆಡಿದ ಮಾತು ಮೂರು ಜನ ಹಿರಿಯರ ಮುಂದೆ ಬಿದ್ದಿತ್ತು.

"ಹೌದ್ರಿ" ಎಂದೆ ನಾನು. "ನಾಳೆ ಸುಣ್ಣ ಹೊಡಿಯಾಕೆ ಬರ್ತೀವಿ."

ಯಜಮಾನತಿ ನನ್ನ ಕಡೆ ತಿರುಗಿದಳು. ಆ ನೋಟ ಇನ್ನೂ ನೆನಪಿದೆ. ಆಮೇಲೆ ನಾವು ಐದು ವರ್ಷ ಅವಳ ಹಿತ್ತಲಲ್ಲಿದ್ದೆವು, ಮತ್ತೊಮ್ಮೆ ಹಾಗೆ ನೋಡಲಿಲ್ಲ. ಅಷ್ಟರಲ್ಲಿ ಅತ್ತೆಗೆ ಮಾತು ಮರಳಿ ಬಂದಿತ್ತು. ಇಂಥ ಜನ ಈ ಕಾಲದಲ್ಲಿ ಸಿಗುವುದಿಲ್ಲ, ಎಷ್ಟು ಕೊಡಬೇಕು ಎಂದರೆ ನಿಮ್ಮ ಅನುಕೂಲ ಎನ್ನುತ್ತಾರೆ, ಬಂದವರಿಗೆಲ್ಲ ಶಿರಾ ಕೊಡುತ್ತಾರೆ ಎಂದು ಆ ಹಿರಿಯರ ಮುಂದೆ ಶುರು ಮಾಡಿದಳು. ಒಂದೂ ಸುಳ್ಳಲ್ಲ. ಸೋದರಮಾವ ಚಪ್ಪಲಿ ಬಿಟ್ಟು ಒಳಗೆ ಬಂದ. ಬಾಡಿಗೆಯವರನ್ನೇ ಹಿಂಡದವರು ಸೊಸೆಯನ್ನು ಹಿಂಡುತ್ತಾರಾ ಎಂದು ಪಕ್ಕದವನಿಗೆ ಹೇಳುತ್ತಿದ್ದ. ಅಡಿಗೆಮನೆಯ ಮೂಲೆ ಸೋರುತ್ತದೆ ಎಂದು ನಾನು ಅವನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಅವರು ಒಪ್ಪಿ, ಊಟ ಮಾಡಿ ಹೋದರು. ನಾವು ಹಿತ್ತಲಲ್ಲಿ ಕಾದು ಕೂತಿದ್ದೆವು. ಯಜಮಾನತಿ ಬಂದಳು. ಮಗನ ಸಂಬಂಧ ಕುದುರಿದ ಖುಷಿ ಮುಖದ ಮೇಲೆ ಇತ್ತು, ನಮ್ಮನ್ನು ಕಂಡು ಅರ್ಧ ಇಳಿಯಿತು.

"ಎತ್ತು ಕಟ್ಟೋ ಜಾಗದಾಗೆ ಮಂದಿ ಇರ್ತಾರೇನೆ ಹುಡುಗಿ?"

"ಎತ್ತಿಗೆ ಸೋರಲಿಲ್ಲ ಅಂದ್ರೆ ನಮಗೂ ಸೋರಾದಿಲ್ಲ."

ಅವಳಿಗೆ ನಗು ಬಂತು, ತಡೆದುಕೊಂಡಳು. ಯಜಮಾನರಿಗೆ ಒಂದು ಮಾತು ಕೇಳಬೇಕು, ಅವರು ಹೆಣ್ಣಿನವರನ್ನು ಬಿಟ್ಟುಬರಲು ಹೋಗಿದ್ದಾರೆ, ಅಮಾವಾಸ್ಯೆ ಕಳೆಯಲಿ, ಆಮೇಲೆ ಬರ್ರಿ ನೋಡೋಣ ಎಂದಳು. ಅತ್ತೆ ಆಗಲಿ ಎಂದು ಕೈ ಮುಗಿದಳು. ನಾನು ಮುಗಿಯಲಿಲ್ಲ. ಆಮೇಲೆ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ ಎಂದು ನನಗೆ ಗೊತ್ತಿತ್ತು. ಅಮಾವಾಸ್ಯೆ ಸೋಮವಾರದ ಆಚೆಗಿತ್ತು. ಆ ಹೊತ್ತಿಗೇ ಮಿಲ್ಲು ಕೂಗಿತು. ಗಾಳಿ ಈ ಕಡೆಗೇ ಇತ್ತು. ಎಮ್ಮೆ ಕಿವಿ ಎತ್ತಿತು. ಸ್ಪಷ್ಟವಾಗಿ, ಮಗ್ಗುಲಲ್ಲೇ ಕೂಗಿದ ಹಾಗೆ ಕೇಳಿತು.

ಮನೆ ಸಿಕ್ಕಿತು ಎಂದು ಅಪ್ಪನಿಗೆ ಹೇಳಿದವಳು ನಾನು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಹೇಳಿಬಿಟ್ಟೆ. ಎಂಥ ಮನೆ ಎಂದ. ಕೂಗು ಕೇಳುವ ಮನೆ ಎಂದೆ. ಅವನು ಮತ್ತೇನೂ ಕೇಳದೆ ಉಂಡು ಮಲಗಿದ.

ಮಾರನೆ ದಿನ ಬೆಳಗ್ಗೆ ಮೊದಲ ರೈಲಿಗೆ ನಾನು ಸುಣ್ಣದ ಗಂಟು, ನಾರಿನ ಕುಂಚ, ಕಸಬರಿಗೆ ಕಟ್ಟಿಕೊಂಡು ಹೊರಟೆ. ಜೊತೆಗೆ ಅತ್ತೆ ಬಂದಳು, ದಾರಿಯುದ್ದಕ್ಕೂ ಬೇಡ ಬೇಡ ಎನ್ನುತ್ತಾ. ಸ್ಟೇಷನ್ನಿಂದ ಎಲ್ಲಿಯೂ ನಿಲ್ಲದೆ ನಿಟ್ಟುವಳ್ಳಿಗೆ ನಡೆದು, ಮುಂದಿನ ಬಾಗಿಲಿಗೆ ಹೋಗದೆ ಓಣಿಯ ಬಾಗಿಲಿಂದ ಒಳಗೆ ಹೋದೆ. ಅತ್ತೆಯನ್ನು ಗುಡಿಸಲು ಹಚ್ಚಿದೆ. ಬಾವಿಯಿಂದ ನೀರು ಸೇದಿ ಸುಣ್ಣ ಕಲಸಿ ಗೋಡೆಗೆ ಬಳಿಯಲು ಶುರು ಮಾಡಿದೆ. ಯಜಮಾನತಿ ಹಾಲಿನ ಚೊಂಬು ಹಿಡಿದು ಹಿತ್ತಲಿಗೆ ಬಂದಾಗ ಒಂದು ಗೋಡೆ ಬೆಳ್ಳಗಾಗಿತ್ತು. ಚೊಂಬು ಕೆಳಗಿಟ್ಟು ಗೋಡೆ ನೋಡಿದಳು.

"ಆ ಮೂಲೆ ಬಿಟ್ಟೀಯ ನೋಡು" ಎಂದಳು.

ಆ ಮೂಲೆಗೂ ಬಳಿದೆ.